ಮುರಿದ ಎಲುಬು ಜೆಲ್ಲಿಗಾಗಿ ಕಾಯುತ್ತ ಕೂತಿಲ್ಲ

ಇಲಿಯ ಬುರುಡೆಯಲ್ಲಿ ಐದೋ ಎಂಟೋ ಮಿಲಿಮೀಟರ್ ಅಗಲದ ತೂತು ಕೊರೆಯುತ್ತಾರೆ. ಅದರೊಳಗೆ ನ್ಯಾನೋ ಕಣ ಬೆರೆಸಿದ ಹೈಡ್ರೋಜೆಲ್ ತುಂಬುತ್ತಾರೆ. ಕೆಲವು ವಾರ ಕಾದು ಸ್ಕ್ಯಾನ್ ಮಾಡಿ, ತೂತಿನಲ್ಲಿ ಹೊಸ ಎಲುಬು ಬೆಳೆದಿದೆ ಎಂದು ಬರೆಯುತ್ತಾರೆ. ಆ ಬರಹ ಸುದ್ದಿಯಾಗಿ ನಮ್ಮ ಕೈಗೆ ಬರುವಷ್ಟರಲ್ಲಿ ಇಲಿ ಕಾಣೆಯಾಗಿರುತ್ತದೆ. ಮುರಿದ ಎಲುಬನ್ನು ಕೂಡಿಸುವ ಜೆಲ್ ಬಂತು, ಇನ್ನು ರಾಡು ಬೇಡ, ಸೊಂಟದಿಂದ ಎಲುಬು ತೆಗೆದು ಹಾಕುವ ಎರಡನೆಯ ಆಪರೇಷನ್ನೂ ಬೇಡ ಎಂಬ ಅರ್ಥದ ತಲೆಬರಹವಷ್ಟೇ ಉಳಿದಿರುತ್ತದೆ.

ಇಂಥ ತಲೆಬರಹಗಳಿಂದ ಒಂದು ನಂಬಿಕೆ ಗಟ್ಟಿಯಾಗಿದೆ. ಎಲುಬು ಕೂಡದೆ ಉಳಿಯುವುದು ಸರಿಯಾದ ವಸ್ತು ಸಿಗದ ಕಾರಣಕ್ಕೆ, ಆ ವಸ್ತು ಕೈಗೆ ಬಂದ ದಿನ ಕಾಲು ಕಳೆದುಕೊಳ್ಳುವವರ ಕಷ್ಟ ತೀರುತ್ತದೆ, ಆದ್ದರಿಂದ ದುಡ್ಡೂ ಬುದ್ಧಿಯೂ ಅತ್ತಲೇ ಹರಿಯಬೇಕು ಎಂಬ ನಂಬಿಕೆ. ಕಾಲೇಜಿನ ಪ್ರಾಜೆಕ್ಟಿನಿಂದ ಹಿಡಿದು ಅನುದಾನದ ಅರ್ಜಿಯವರೆಗೆ ಮೊದಲ ಪ್ಯಾರಾ ಇದನ್ನೇ ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೊಲ, ರಸ್ತೆ, ದವಾಖಾನೆಗಳ ಕಡೆ ನಿಂತು ನೋಡಿದರೆ ಈ ನಂಬಿಕೆ ಬರೀ ತಪ್ಪಲ್ಲ, ಜನರ ಕಾಲಿಗೆ ಕೇಡು ತರುವಂಥದ್ದು.

ಈ ವಿಜ್ಞಾನಕ್ಕೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. ನಮ್ಮ ಎಲುಬೇ ಒಂದು ನ್ಯಾನೋ ವಸ್ತು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಕೂತಿರುತ್ತವೆ. ಒಂದೊಂದು ಹರಳು ಸುಮಾರು 50 ನ್ಯಾನೋಮೀಟರ್ ಉದ್ದ, ಎರಡು ಮೂರು ನ್ಯಾನೋಮೀಟರ್ ದಪ್ಪ. ಎಳೆ ಬಾಗುವ ಗುಣವನ್ನೂ ಹರಳು ಗಡಸುತನವನ್ನೂ ಕೊಡುತ್ತದೆ. ಹೈಡ್ರೋಜೆಲ್ ಅಂದರೆ ನೀರು ಕುಡಿದು ಉಬ್ಬಿದ ಪಾಲಿಮರಿನ ಬಲೆ. 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಇಂಥ ಜೆಲ್‌ಗಳನ್ನು ದೇಹದೊಳಗೆ ಬಳಸಬಹುದೆಂದು ಪ್ರಕಟಿಸಿದರು. ಅದರ ಮೊದಲ ದೊಡ್ಡ ಫಲ ಕಣ್ಣಿನ ಮೆತ್ತನೆಯ ಲೆನ್ಸ್. ಈ ಬಲೆಯೊಳಗೆ ಹೈಡ್ರಾಕ್ಸಿಅಪಟೈಟ್ ಕಣಗಳನ್ನೋ ಲ್ಯಾಪೊನೈಟ್ ಎಂಬ ಜೇಡಿಯ ಬಿಲ್ಲೆಗಳನ್ನೋ ಸೇರಿಸಿದರೆ ಎಲುಬಿನ ಜೀವಕೋಶಗಳು ಅಲ್ಲಿ ನೆಲೆ ಹಿಡಿಯುತ್ತವೆ. ಲ್ಯಾಪೊನೈಟ್ ಬಿಲ್ಲೆಯ ಅಗಲ ಇಪ್ಪತ್ತೈದು ಮೂವತ್ತು ನ್ಯಾನೋಮೀಟರ್, ದಪ್ಪ ಒಂದೇ ನ್ಯಾನೋಮೀಟರ್. ಬೇರೆ ಯಾವ ಔಷಧದ ನೆರವೂ ಇಲ್ಲದೆ ಈ ಬಿಲ್ಲೆಗಳೇ ಮನುಷ್ಯನ ಕಾಂಡಕೋಶಗಳನ್ನು ಎಲುಬಿನ ಕಡೆ ತಿರುಗಿಸುತ್ತವೆ ಎಂದು ಅಖಿಲೇಶ್ ಗಹರ್ವಾರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಗ್ರಾಫೀನ್ ಬೆರೆಸಿದ ಪಾಲಿಮರುಗಳ ಮೇಲೆ ಇದೇ ದಾರಿಯ ಕೆಲಸ ಮಾಡಿದೆ.

ಜೆಲ್ಲಿನ ವಿದ್ಯೆ ನಮ್ಮ ಹಿತ್ತಿಲಲ್ಲೇ ಇದೆ ಎನ್ನುವುದನ್ನೂ ಮರೆಯಬಾರದು. ಕಿತ್ತೂರಿನಿಂದ ಸುಮಾರು 30 ಕಿಲೋಮೀಟರ್ ದೂರದ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ತೇಜರಾಜ ಅಮ್ಮಿನಭಾವಿ ಮತ್ತು ಅವರ ಶಿಷ್ಯರು ಔಷಧವನ್ನು ಹಿಡಿದಿಟ್ಟುಕೊಂಡು ನಿಧಾನ ಬಿಡುವ ಪಾಲಿಮರುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಬಳಸಿದ ವಸ್ತುಗಳಲ್ಲಿ ಗ್ವಾರ್ ಗಮ್ ಒಂದು. ನಮ್ಮ ಎರೆಹೊಲದಲ್ಲಿ ಬೆಳೆಯುವ ಚವಳಿಕಾಯಿಯ ಬೀಜದ ಅಂಟು ಅದು.

ಹಾಗಾದರೆ ನನ್ನ ತಕರಾರು ಏನು?

ಮೊದಲನೆಯದು ಭಾರದ ಲೆಕ್ಕ. ನಮ್ಮ ಮೊಣಕಾಲಿನ ಕೆಳಗಿನ ಗಟ್ಟಿ ಎಲುಬಿನ ಬಿಗುವನ್ನು ಅಳೆದರೆ 15ರಿಂದ 20 ಗಿಗಾಪಾಸ್ಕಲ್ ಬರುತ್ತದೆ. ಸಿರಿಂಜಿನಲ್ಲಿ ಹರಿಯುವ ಸಾಮಾನ್ಯ ಹೈಡ್ರೋಜೆಲ್ಲಿನದು ಕೆಲವು ಕಿಲೋಪಾಸ್ಕಲ್‌ನಿಂದ ಕೆಲವು ನೂರು ಕಿಲೋಪಾಸ್ಕಲ್. 20 ಕಿಲೋಪಾಸ್ಕಲ್ಲಿನ ಜೆಲ್ ಹಿಡಿದರೆ ಎಲುಬು ಅದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಬಿಗಿ. ನ್ಯಾನೋ ಕಣ ಸೇರಿಸಿ ಜೆಲ್ಲನ್ನು ಹತ್ತು ಪಟ್ಟು ಬಿಗಿ ಮಾಡಿದರೂ ಈ ಕಂದರ ಮುಚ್ಚುವುದಿಲ್ಲ. ಇಲಿಯ ಬುರುಡೆಗೆ ಭಾರ ಹೊರುವ ಕೆಲಸವಿಲ್ಲ. ತಲೆ ತೊಗಲಿನ ಕೆಳಗೆ ಜೆಲ್ ಅಲ್ಲಾಡದೆ ಕೂತಿರಬಹುದು. ಮನುಷ್ಯ ನಡೆಯುವಾಗ ಅವನ ಕಾಲೆಲುಬಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ಆದ್ದರಿಂದ ಜೆಲ್ ಹಾಕಿದರೂ ರಾಡೋ ಪ್ಲೇಟೋ ಬಳೆಯ ಚೌಕಟ್ಟೋ ಬೇಕೇ ಬೇಕು. ರಾಡು ಬೇಡ ಎಂಬ ಮಾತು ಇಲಿಯ ತಲೆಗೆ ಹೊಂದುತ್ತದೆ, ಕಬ್ಬು ಹೊರುವವನ ಕಾಲಿಗೆ ಹೊಂದುವುದಿಲ್ಲ.

ಇಲಿಯ ತೂತು ಎಂಥದು ಎನ್ನುವುದನ್ನೂ ನೋಡಬೇಕು. ಅರಿವಳಿಕೆ ಕೊಟ್ಟು, ಕೂದಲು ಬೋಳಿಸಿ, ಕ್ರಿಮಿ ತೊಳೆದು, ಸಲೈನ್ ಹನಿಸುತ್ತ ಕೊರೆದ ದುಂಡನೆಯ ತೂತು ಅದು. ಸುತ್ತ ರಕ್ತನಾಳಗಳು ಸರಿಯಾಗಿವೆ, ಪ್ರಾಣಿಗೆ ಎಳೆ ವಯಸ್ಸು, ಹೊಟ್ಟೆತುಂಬ ಊಟವಿದೆ. ಟ್ರೇಲರಿನ ಗಾಲಿ ಹರಿದ ಕಾಲಿನಲ್ಲಿ ಎಲುಬು ಚೂರಾಗಿರುತ್ತದೆ, ತೊಗಲು ಹರಿದಿರುತ್ತದೆ, ಗಾಯದೊಳಗೆ ಎರೆಮಣ್ಣೂ ಸಗಣಿಯೂ ಸೇರಿರುತ್ತವೆ, ಎಲುಬಿಗೆ ರಕ್ತ ಕೊಡುವ ಪೊರೆ ಕಿತ್ತು ಬಂದಿರುತ್ತದೆ. ಗೋಡೆಯ ಬಿರುಕಿಗೆ ಸಿಮೆಂಟು ತುಂಬಿದಂತೆ ಇದನ್ನು ತುಂಬಿ ಮುಗಿಸಬಹುದು ಎನ್ನುವವರು ಎಲುಬಿಗೆ ಜೀವವಿದೆ ಎನ್ನುವುದನ್ನೇ ಮರೆತಿದ್ದಾರೆ. ಎಲುಬು ಕೂಡಲು ರಕ್ತ ಬೇಕು, ಅಲುಗಾಟ ನಿಲ್ಲಬೇಕು, ಸೋಂಕು ಇರಬಾರದು, ಸಮಯ ಬೇಕು. ಈ ನಾಲ್ಕು ಇದ್ದಾಗ ಬಹುಪಾಲು ಎಲುಬುಗಳು ಯಾವ ಜೆಲ್ಲೂ ಇಲ್ಲದೆ ಕೂಡುತ್ತವೆ.

ಎಲುಬು ಬೆಳೆಸುವ ಪವಾಡದ ವಸ್ತು ನಿಜವಾಗಿ ಕೈಗೆ ಬಂದರೆ ಏನಾಗುತ್ತದೆ ಎನ್ನುವುದನ್ನು ಜಗತ್ತು ಒಮ್ಮೆ ಕಂಡಿದೆ. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್, ಖನಿಜ ತೆಗೆದ ಎಲುಬನ್ನು ಸ್ನಾಯುವಿನೊಳಗೆ ಇಟ್ಟರೆ ಅಲ್ಲಿಯೂ ಹೊಸ ಎಲುಬು ಹುಟ್ಟುತ್ತದೆ ಎಂದು ತೋರಿಸಿದರು. ಅದರ ಹಿಂದಿದ್ದ ಪ್ರೋಟೀನುಗಳಲ್ಲಿ ಒಂದಾದ ಬಿಎಂಪಿ-2ಕ್ಕೆ 2002ರಲ್ಲಿ ಬೆನ್ನೆಲುಬಿನ ಆಪರೇಷನ್ನಿಗೂ, 2004ರಲ್ಲಿ ತೊಗಲು ಹರಿದು ಮುರಿದ ಕಾಲೆಲುಬಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಇಲಿಯಲ್ಲಿ ನಿಂತ ವಸ್ತುವಲ್ಲ, ಮನುಷ್ಯನಲ್ಲಿ ಎಲುಬು ಬೆಳೆಸಿದ ವಸ್ತು. ಆದರೆ ಮೈಯಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ, ಮಿಲಿಲೀಟರಿಗೆ ಒಂದೂವರೆ ಮಿಲಿಗ್ರಾಮಿನಂತೆ ಸ್ಪಂಜಿನಲ್ಲಿ ನೆನೆಸಿ ಇಡಬೇಕಾಯಿತು. ಕುತ್ತಿಗೆಯ ಆಪರೇಷನ್ನುಗಳಲ್ಲಿ ಉಸಿರಾಟಕ್ಕೆ ಅಡ್ಡ ಬರುವಷ್ಟು ಬಾವು ಬರುತ್ತದೆಂದು 2008ರಲ್ಲಿ ಎಚ್ಚರಿಕೆ ಹೊರಟಿತು. 2011ರಲ್ಲಿ ‘ದಿ ಸ್ಪೈನ್ ಜರ್ನಲ್’ ಇಡೀ ಸಂಚಿಕೆಯನ್ನೇ ಇದಕ್ಕೆ ಮೀಸಲಿಟ್ಟು, ಮೊದಲ ವರದಿಗಳಲ್ಲಿ ಅಡ್ಡಪರಿಣಾಮಗಳನ್ನು ಎಷ್ಟು ಕಡಿಮೆ ತೋರಿಸಲಾಗಿತ್ತು ಎಂದು ಬಿಚ್ಚಿಟ್ಟಿತು. ಒಂದು ಡೋಸಿಗೆ ಸಾವಿರಾರು ಡಾಲರ್ ಬೆಲೆಯ ಈ ಮದ್ದು ಬಂದು ಎರಡು ದಶಕ ಕಳೆದಿದೆ. ಕೂಡದ ಎಲುಬಿನ ಸಮಸ್ಯೆ ಶ್ರೀಮಂತ ದೇಶಗಳಲ್ಲಿಯೂ ಮುಗಿದಿಲ್ಲ. ಈ ಕಥೆಯಿಂದ ಜೆಲ್ ಸಂಶೋಧಕರು ಒಂದು ಪಾಠ ಕಲಿತರು, ಮದ್ದನ್ನು ಸ್ವಲ್ಪಸ್ವಲ್ಪವೇ ಬಿಡಬೇಕೆಂದು. ವಸ್ತು ಒಂದೇ ಸಾಲದು ಎಂಬ ಇನ್ನೊಂದು ಪಾಠವನ್ನು ಯಾರೂ ಎತ್ತುತ್ತಿಲ್ಲ.

ಈಗ ನಮ್ಮ ಕಡೆ ಬರೋಣ. ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಮುನವಳ್ಳಿಯ ರೇಣುಕಾ ಶುಗರ್ಸ್ ಕಡೆಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಗಲು ರಾತ್ರಿ ಓಡುತ್ತವೆ. ಹಿಂದೆ ದೀಪವಿಲ್ಲದ ಟ್ರೇಲರಿಗೆ ಕತ್ತಲಲ್ಲಿ ಬೈಕು ಬಡಿಯುತ್ತದೆ. ಹೇರಿನ ಮೇಲಿಂದ ಕಬ್ಬು ಕಡಿಯುವ ಗ್ಯಾಂಗಿನವರು ಜಾರಿ ಬೀಳುತ್ತಾರೆ. ಕಿತ್ತೂರಿನ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ದಾರಿಗಳಲ್ಲಿ ಚಕ್ಕಡಿ, ಟೆಂಪೊ, ಬಸ್ಸು, ಕಾಲ್ನಡಿಗೆಯ ಜನ ಎಲ್ಲ ಒಂದೇ ರಸ್ತೆಯಲ್ಲಿ. ಇಂಥಲ್ಲಿ ಮೊದಲು ಪೆಟ್ಟು ತಿನ್ನುವುದು ಮೊಣಕಾಲಿನ ಕೆಳಗಿನ ದೊಡ್ಡ ಎಲುಬು. ಅದರ ಮುಂಭಾಗಕ್ಕೆ ತೊಗಲು ಬಿಟ್ಟರೆ ಹೊದಿಕೆ ಇಲ್ಲ, ಕೆಳಗಿನ ಮೂರನೆಯ ಒಂದು ಭಾಗದಲ್ಲಂತೂ ಸ್ನಾಯುವೂ ಕಡಿಮೆ, ರಕ್ತವೂ ಕಡಿಮೆ. ಮುರಿದರೆ ತೊಗಲು ಹರಿದು ಹೊರಗೆ ಬರುತ್ತದೆ.

ಅಂಥ ಗಾಯಕ್ಕೆ ಬ್ರಿಟನ್ನಿನ ಎಲುಬು ತಜ್ಞರ ಸಂಘ ಒಂದು ಗಡುವು ಬರೆದಿಟ್ಟಿದೆ. ಸಾಧ್ಯವಾದರೆ ಒಂದು ತಾಸಿನೊಳಗೆ ನರದ ಮೂಲಕ ಆಂಟಿಬಯೋಟಿಕ್. ಜೋರಿನ ಪೆಟ್ಟಾದರೆ 12 ತಾಸಿನೊಳಗೆ, ಉಳಿದವಕ್ಕೆ 24 ತಾಸಿನೊಳಗೆ ಗಾಯ ತೆರೆದು ಸತ್ತದ್ದನ್ನು ಕೊಯ್ದು ತೊಳೆಯುವುದು. 72 ತಾಸಿನೊಳಗೆ ಎಲುಬಿನ ಮೇಲೆ ಜೀವಂತ ಹೊದಿಕೆ. ಈಗ ಇದನ್ನು ನಮ್ಮ ನಕಾಶೆಯ ಮೇಲೆ ಇಡಿ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರ್, ಬೈಲಹೊಂಗಲದಿಂದ ಬೆಳಗಾವಿ ಅದಕ್ಕಿಂತ ತುಸು ಹೆಚ್ಚು, ರಾಮದುರ್ಗದಿಂದ ಬೆಳಗಾವಿ ನೂರರ ಆಸುಪಾಸು. ಹತ್ತಿರದ ದವಾಖಾನೆಯಲ್ಲಿ ಒಂದು ಪಟ್ಟಿ ಸುತ್ತಿ, ಚೀಟಿ ಬರೆದು ‘ಬೆಳಗಾವಿಗೆ ಒಯ್ಯಿರಿ’ ಎನ್ನುತ್ತಾರೆ. ಗಾಡಿ ಹುಡುಕಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ದುಡ್ಡು ಹೊಂದಿಸಬೇಕು, ಯಾವ ದವಾಖಾನೆಗೆ ಹೋಗಬೇಕೆಂದು ಹತ್ತು ಜನರನ್ನು ಕೇಳಬೇಕು. ಮೊದಲ ಆಂಟಿಬಯೋಟಿಕ್ ಸಿಗಬೇಕಾದ ತಾಸು ಇದರಲ್ಲೇ ಕಳೆದುಹೋಗುತ್ತದೆ.

ಕೆಲವರು ದೊಡ್ಡ ದವಾಖಾನೆಗೆ ಹೋಗದೆ ಎಲುಬು ಕಟ್ಟುವವರ ಮನೆಗೆ ಹೋಗುತ್ತಾರೆ. ಅವರನ್ನು ತಿಳಿಗೇಡಿಗಳೆಂದು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಕಟ್ಟುವವರು ಹತ್ತಿರದಲ್ಲಿದ್ದಾರೆ, ಕಡಿಮೆ ತಗೊಳ್ಳುತ್ತಾರೆ, ‘ಬಾರಪ್ಪಾ, ಕೂಡು’ ಎಂದು ಮಾತಾಡಿಸುತ್ತಾರೆ. ತೊಗಲು ಹರಿಯದ, ಹೆಚ್ಚು ಜರುಗದ ಮುರಿತಗಳು ಅವರ ದಬ್ಬೆಯಲ್ಲಿ ಕೂಡುವುದೂ ಉಂಟು, ಅಲುಗಾಟ ನಿಂತರೆ ಎಲುಬು ತಾನೇ ಕೂಡುವುದರಿಂದ. ಆದರೆ ಹರಿದ ಗಾಯದ ಮೇಲೆ ಸೊಪ್ಪು ಮೆತ್ತಿ ಕಟ್ಟಿದರೆ ಸೋಂಕು ಒಳಗೇ ಉಳಿಯುತ್ತದೆ. ದಬ್ಬೆ ಬಿಗಿಯಾದರೆ ರಕ್ತ ನಿಂತು ಸ್ನಾಯು ಸಾಯುತ್ತದೆ. ಇದನ್ನು ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲಿಯೇ ಬರೆದಿಟ್ಟಿದ್ದಾನೆ. ಬೆರಳು ತಣ್ಣಗಾಗಿ ಕಪ್ಪಿಟ್ಟ ಮೇಲೆ ಬೆಳಗಾವಿಗೆ ಬಂದರೆ ಅಲ್ಲಿಯ ಡಾಕ್ಟರಿಗೆ ಉಳಿದ ಆಯ್ಕೆಗಳು ತೀರ ಕಡಿಮೆ.

ನನ್ನ ವಾದದ ಗಟ್ಟಿ ಭಾಗ ಇಲ್ಲಿದೆ. ಜೆಲ್ ತುಂಬಬೇಕೆನ್ನುವ ಆ ದೊಡ್ಡ ಖಾಲಿ ಜಾಗ ಎಲ್ಲಿಂದ ಬರುತ್ತದೆ? ಪೆಟ್ಟಿನ ಹೊತ್ತಿಗೆ ಎಲುಬಿನ ತುಂಡು ಹೊರಗೆ ಹಾರಿ ಹೋಗುವುದೂ ಉಂಟು, ನಿಜ. ಆದರೆ ನಮ್ಮ ಕಡೆ ಇನ್ನೊಂದು ದಾರಿ ಚೆನ್ನಾಗಿ ತುಳಿದ ದಾರಿ. ಸೋಂಕು ಎಲುಬಿಗೆ ಇಳಿಯುತ್ತದೆ, ಎಲುಬು ಸಾಯುತ್ತದೆ, ಕೀವು ಸೋರುತ್ತ ತಿಂಗಳುಗಳು ಕಳೆಯುತ್ತವೆ. ಕೊನೆಗೆ ಸರ್ಜನ್ ಸತ್ತ ಎಲುಬನ್ನು ಕೊಯ್ದು ತೆಗೆಯುತ್ತಾರೆ. ಆಗ ನಾಲ್ಕೈದು ಸೆಂಟಿಮೀಟರಿನ ಖಾಲಿ ಉಳಿಯುತ್ತದೆ. ಆ ಖಾಲಿ ಮೊದಲ ದಿನ ಇರಲಿಲ್ಲ. ತಡವಾದ ಆಂಟಿಬಯೋಟಿಕ್, ತಡವಾದ ತೊಳೆತ, ತಡವಾದ ಹೊದಿಕೆ ಅದನ್ನು ಮಾಡಿದವು. ಅದನ್ನು ತುಂಬುವ ವಿದ್ಯೆಗೆ ದುಡ್ಡು ಸುರಿದು, ಅದು ಆಗದಂತೆ ತಡೆಯುವ ಕೆಲಸವನ್ನು ಬೇರೆ ಇಲಾಖೆಯ ತಲೆನೋವೆಂದು ಬಿಡುವುದನ್ನು ನಾನು ಒಪ್ಪಲಾರೆ.

ಖಾಲಿ ಆದ ಮೇಲೂ ದಾರಿಗಳಿವೆ. 1950ರ ದಶಕದಿಂದ ಸೈಬೀರಿಯದ ಕುರ್ಗಾನಿನಲ್ಲಿ ಇಲಿಜರೋವ್ ಬೆಳೆಸಿದ ಬಳೆಯ ಚೌಕಟ್ಟು ಎಲುಬನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆದು ಹೊಸ ಎಲುಬು ಹುಟ್ಟಿಸುತ್ತದೆ. ಫ್ರಾನ್ಸಿನ ಮಾಸ್ಕಲೆ 1980ರ ದಶಕದಲ್ಲಿ ಸಿಮೆಂಟಿನ ಗುಂಡು ಇಟ್ಟು, ಅದರ ಸುತ್ತ ಪೊರೆ ಬೆಳೆಸಿ, ಆ ಪೊರೆಯೊಳಗೆ ಎಲುಬು ತುಂಬುವ ವಿಧಾನ ಕೊಟ್ಟರು. ಎರಡೂ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ನಾಲ್ಕು ಸೆಂಟಿಮೀಟರಿಗೆ ಎಳೆಯಲು ನಲವತ್ತು ದಿನ, ಗಟ್ಟಿಯಾಗಲು ಮತ್ತೆ ತಿಂಗಳುಗಳು. ಈ ತಿಂಗಳುಗಳನ್ನು ಕಡಿಮೆ ಮಾಡುವ ಜೆಲ್ ಬಂದರೆ ನಾನೂ ಸ್ವಾಗತಿಸುತ್ತೇನೆ. ಆದರೆ ಆ ಜೆಲ್ಲನ್ನು ಕೀವಿನ ಗಾಯಕ್ಕೆ ಹಾಕಲಾಗದು, ನೀರು ತುಂಬಿದ ಮೆತ್ತನೆಯ ಬಲೆ ಬ್ಯಾಕ್ಟೀರಿಯಕ್ಕೂ ಒಳ್ಳೆಯ ಮನೆ. ಮೊದಲು ಗಾಯ ಶುಚಿಯಾಗಬೇಕು, ಕೂಲಿಯವನು ಆರು ತಿಂಗಳು ದುಡಿಯದೆ ಕೂತು ಉಣ್ಣುವಂತಿರಬೇಕು. ಕೆಲಸಕ್ಕೆ ಮೊದಲೇ ಪಡೆದ ಮುಂಗಡ ತೀರಿಸಲು ಅವನು ಮೂರನೆಯ ತಿಂಗಳಿಗೇ ಕಾಲೂರಿದರೆ ಯಾವ ನ್ಯಾನೋ ಕಣವೂ ಅವನ ಎಲುಬನ್ನು ಹಿಡಿದು ನಿಲ್ಲಿಸದು. ತಂಬಾಕಿನದೂ ಇದೇ ಮಾತು. ಕಾಲಿನ ಭಾರಿ ಗಾಯಗಳ ಮೇಲೆ ಅಮೆರಿಕದಲ್ಲಿ ನಡೆದ ಲೀಪ್ ಅಧ್ಯಯನದ 2005ರ ವರದಿಯಲ್ಲಿ, ಸೇದುವವರ ಎಲುಬು ಕೂಡುವ ಸಂಭವ ಸೇದದವರಿಗಿಂತ ಶೇ. 37ರಷ್ಟು ಕಡಿಮೆ ಇತ್ತು. ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆಯಲ್ಲಿ ಎಲುಬಿನ ವಾರ್ಡಿನಲ್ಲಿ ಬೀಡಿ ಬಿಡಿಸುವುದೂ ಎಲುಬಿನ ಚಿಕಿತ್ಸೆಯೇ.

ಮನುಷ್ಯರಲ್ಲಿ ನಿಜವಾಗಿ ಫಲ ಕೊಟ್ಟದ್ದನ್ನು ನೋಡಿದರೆ ನನ್ನ ಮಾತಿಗೆ ಪುರಾವೆ ಸಿಗುತ್ತದೆ. ಅಮೆರಿಕದ ಹಲವು ದವಾಖಾನೆಗಳು ಸೇರಿ, ಸೋಂಕಿನ ಅಪಾಯ ಹೆಚ್ಚಿರುವ ಕಾಲೆಲುಬಿನ ಮುರಿತಗಳಲ್ಲಿ, ವ್ಯಾಂಕೊಮೈಸಿನ್ ಎಂಬ ಹಳೆಯ ಆಂಟಿಬಯೋಟಿಕ್ಕಿನ ಪುಡಿಯನ್ನು ಹೊಲಿಯುವ ಮೊದಲು ಗಾಯದೊಳಗೆ ಉದುರಿಸಿ ನೋಡಿದವು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಳದ ಸೋಂಕು ಶೇ. 9.8ರಿಂದ ಶೇ. 6.4ಕ್ಕೆ ಇಳಿಯಿತು. ಹೊಸ ವಸ್ತುವಿಲ್ಲ, ಹಳೆಯ ಪುಡಿ. ಹೈಡ್ರೋಜೆಲ್ಲಿನದೇ ಉದಾಹರಣೆ ಬೇಕಾದರೆ ಅದೂ ಇದೆ. ಇಟಲಿಯಲ್ಲಿ ಸಿದ್ಧವಾದ ಒಂದು ಜೆಲ್ಲನ್ನು ಆಂಟಿಬಯೋಟಿಕ್ ಬೆರೆಸಿ ಪ್ಲೇಟು, ರಾಡುಗಳಿಗೆ ಸವರಿ ಯುರೋಪಿನ ರೋಗಿಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಬಂದ ವರದಿಯ ಪ್ರಕಾರ ಸವರಿದ ಗುಂಪಿನಲ್ಲಿ ಸೋಂಕು ಕಾಣಲಿಲ್ಲ, ಸವರದ ಗುಂಪಿನಲ್ಲಿ ಆರು ಜನರಿಗೆ ಆಯಿತು. ಈ ಜೆಲ್ ಎಲುಬು ಬೆಳೆಸುವುದಿಲ್ಲ, ತುಂಬುವುದೂ ಇಲ್ಲ. ಕ್ರಿಮಿಯನ್ನು ಮೊದಲ ದಿನಗಳಲ್ಲಿ ತಡೆದು ಕರಗಿ ಹೋಗುತ್ತದೆ.

‘ಹಾಗಾದರೆ ಸಂಶೋಧನೆ ನಿಲ್ಲಿಸಬೇಕೇ?’ ಎಂದು ಕೇಳುವವರಿದ್ದಾರೆ. ನಿಲ್ಲಿಸಬಾರದು, ಪ್ರಶ್ನೆ ಬದಲಿಸಬೇಕು. 2007ರಲ್ಲಿ ಕೇಂದ್ರ ಸರಕಾರ ನ್ಯಾನೋ ಮಿಷನ್ನಿಗೆ ಐದು ವರ್ಷಕ್ಕೆ 1000 ಕೋಟಿ ರೂಪಾಯಿ ಕೊಟ್ಟಿತು. ಆ ಹಣ ಕಟ್ಟಿದ ಜಾಣ್ಮೆಯನ್ನು ರಾಮದುರ್ಗದ ಗಾಯಕ್ಕೆ ತಿರುಗಿಸಲಿ ಎನ್ನುವುದು ನನ್ನ ಬೇಡಿಕೆ. ಸಿರಿಂಜಿನಲ್ಲಿ ದ್ರವವಾಗಿದ್ದು ಮೈಶಾಖಕ್ಕೆ, ಅಂದರೆ 37 ಡಿಗ್ರಿಯ ಹತ್ತಿರ, ಗಟ್ಟಿಯಾಗುವ ಜೆಲ್‌ಗಳನ್ನು ಎಲ್ಲರೂ ಹೊಗಳುತ್ತಾರೆ. ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ಪಾರಾ 40ರ ಹತ್ತಿರ ಏರುತ್ತದೆ. ಕರೆಂಟು ಹೋದ ಕೋಣೆಯಲ್ಲಿ ಇಂಥ ಜೆಲ್ ರೋಗಿಯ ಕಾಲಿಗೆ ಹೋಗುವ ಮೊದಲು ಸಿರಿಂಜಿನಲ್ಲಿಯೇ ಗಟ್ಟಿಯಾಗುತ್ತದೆ. ಫ್ರಿಜ್ಜಿಲ್ಲದೆ ಬೇಸಿಗೆ ಕಳೆಯುವ, ಆಂಟಿಬಯೋಟಿಕ್ಕನ್ನು ಗಾಯದಲ್ಲಿ ವಾರಗಟ್ಟಲೆ ಬಿಡುವ, ಕರಗಿ ಮಾಯವಾಗುವ ಜೆಲ್ ಮಾಡಲು ಧಾರವಾಡದ ಪಾಲಿಮರ್ ಪರಂಪರೆಗಿಂತ ಹತ್ತಿರದ ನೆಲೆ ಯಾವುದು? ಬೆಳಗಾವಿಯ ಬಿಮ್ಸ್, ಕೆಎಲ್ಇ, ಹುಬ್ಬಳ್ಳಿಯ ಕಿಮ್ಸ್ ವಾರ್ಡುಗಳ ಸರ್ಜನ್ನರು ಯಾವ ಕ್ರಿಮಿ ಎದುರಾಗುತ್ತದೆಂದು ಹೇಳಬೇಕು, ಕೆಮಿಸ್ಟರು ಅದಕ್ಕೆ ತಕ್ಕ ಬಲೆ ಹೆಣೆಯಬೇಕು. ಇಲಿಯ ಬುರುಡೆ ಬಿಟ್ಟು, ಭಾರ ಹೊರುವ ಕುರಿಯ ಕಾಲೆಲುಬಿನಲ್ಲಿ ಅದು ನಿಲ್ಲುತ್ತದೆಯೇ ಎಂದು ನೋಡಬೇಕು.

ಕಣಗಳ ಗತಿಯನ್ನೂ ಕೇಳಲೇಬೇಕು. ಜೆಲ್ ಕರಗಿದ ಮೇಲೆ ಅದರಲ್ಲಿ ಬೆರೆಸಿದ ಬೆಳ್ಳಿಯ ಕಣ, ಕಾರ್ಬನ್ನಿನ ನಳಿಗೆ ಎಲ್ಲಿಗೆ ಹೋಗುತ್ತವೆ? ಉದ್ದನೆಯ ಕಾರ್ಬನ್ ನ್ಯಾನೋ ನಳಿಗೆಗಳು ಇಲಿಗಳ ಒಳಪೊರೆಯಲ್ಲಿ ಕಲ್ನಾರಿನಂತೆ ವರ್ತಿಸಿದ್ದನ್ನು 2008ರಲ್ಲಿಯೇ ಕಂಡಿದ್ದಾರೆ. ನ್ಯಾನೋ ಔಷಧಗಳನ್ನು ಹೇಗೆ ಪರೀಕ್ಷಿಸಬೇಕೆಂದು ಭಾರತ ಸರಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಎಂಟು ವಾರದ ಇಲಿ ಪ್ರಯೋಗವನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷದ ರೈತನ ಮುಂದಿನ ನಲವತ್ತು ವರ್ಷಕ್ಕೆ ಭರವಸೆ ಕೊಡುವ ಹಕ್ಕು ಯಾರಿಗೂ ಇಲ್ಲ.

ತಾಲ್ಲೂಕು ದವಾಖಾನೆಗೆ ಇಷ್ಟೆಲ್ಲ ಆಗದು ಎನ್ನುವವರಿಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ಹೃದಯಾಘಾತದ ರೋಗಿಗೆ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಕೊಡುವ, ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುತ್ತಿದೆ. ಆ ಮದ್ದು ಹೊಸದಲ್ಲ, ಅಮೆರಿಕದಲ್ಲಿ 2000ದಲ್ಲಿಯೇ ಅನುಮತಿ ಪಡೆದದ್ದು. ರೋಗಿಗೆ ಬದುಕು ಕೊಟ್ಟದ್ದು ಅದು ಹತ್ತಿರ ಬಂದದ್ದು, ಹೊತ್ತಿಗೆ ಸಿಕ್ಕದ್ದು. ಮುರಿದ ಕಾಲಿಗೂ ಇದೇ ಮರ್ಯಾದೆ ಸಿಗಬೇಕು. ಎಲುಬಿಗೆ ಬೇಕಾದ ಆಂಟಿಬಯೋಟಿಕ್ಕಂತೂ ಆ ಚುಚ್ಚುಮದ್ದಿನ ಬೆಲೆಯ ಒಂದು ಸಣ್ಣ ಪಾಲು.

ಆದ್ದರಿಂದ ಬರುವ ಹಂಗಾಮು ಶುರುವಾಗುವ ಮೊದಲು ಈ ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾದದ್ದು ಇಷ್ಟು. ಎಲುಬು ಹೊರಬಂದ ಗಾಯಕ್ಕೆ ಮೊದಲ ಆಂಟಿಬಯೋಟಿಕ್ ಡೋಸನ್ನು ಯಾವ ದವಾಖಾನೆಗೆ ಮೊದಲು ಬಂದರೋ ಅಲ್ಲಿಯೇ ಕೊಡಬೇಕು, ಕೊಟ್ಟ ಸಮಯವನ್ನು ಚೀಟಿಯ ಮೇಲೆ ಬರೆಯಬೇಕು. 108ರ ಗಾಡಿಯಲ್ಲಿ ಸಲೈನ್, ಶುಚಿ ಬಟ್ಟೆ, ಕಾಲಿಗೆ ಕಟ್ಟುವ ದಬ್ಬೆ ಇರಬೇಕು, ಗಾಡಿ ಹೊರಡುವ ಮೊದಲೇ ಬೆಳಗಾವಿ ಅಥವಾ ಧಾರವಾಡದ ಎಲುಬಿನ ಡಾಕ್ಟರಿಗೆ ಗಾಯದ ಫೋಟೊ ತಲುಪಬೇಕು. ಎಲುಬು ಕಟ್ಟುವವರನ್ನು ಕರೆದು, ತೊಗಲು ಹರಿದ ಗಾಯವನ್ನೂ ಬೆರಳು ತಣ್ಣಗಾದ ಕಾಲನ್ನೂ ಮುಟ್ಟದೆ ಕಳಿಸುವಂತೆ ಮರ್ಯಾದೆಯಿಂದ ಒಪ್ಪಿಸಬೇಕು. ಕಾರ್ಖಾನೆಗಳು ತಮಗೆ ಕಬ್ಬು ತರುವ ಪ್ರತಿ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಇಲ್ಲದೆ ತೂಕದ ಕಾಟಾ ಹತ್ತಿಸಬಾರದು. ಕಾಲು ಮುರಿದ ಗ್ಯಾಂಗಿನವನ ಮುಂಗಡವನ್ನು ಅವನ ಎಲುಬು ಕೂಡುವವರೆಗೆ ಯಾರೂ ವಸೂಲಿ ಮಾಡಬಾರದು.